ಕೈಗೊಡಲಿಯ ಕಲ್ಲು ಯಾವ ಗುಡ್ಡದ್ದು? ಹುಣಸಗಿ ಕಣಿವೆಯಲ್ಲಿ ಶಿಲಾಮೂಲ ಹುಡುಕುವ ಬಗೆ

ಯಾದಗಿರಿ ಜಿಲ್ಲೆಯ ಹುಣಸಗಿ ಸುತ್ತಲಿನ ಹೊಲಗಳ ಬದುವಿನಲ್ಲಿ ಪೇರಿಸಿಟ್ಟ ಕಲ್ಲುರಾಶಿ ಕೆದಕಿದರೆ ನಾಲ್ಕೈದು ಜಾತಿಯ ಕಲ್ಲು ಒಟ್ಟಿಗೇ ಸಿಗುತ್ತವೆ. ಅಡಿಯ ನೆಲ ಗ್ರಾನೈಟಿನದು. ರಾಶಿಯಲ್ಲಿ ಮಾತ್ರ ಬೂದುಬಣ್ಣದ ಸುಣ್ಣಕಲ್ಲು, ಕರಿ ಡಾಲರೈಟ್, ಬಿಳಿ ಬೆಣಚು, ಒಮ್ಮೊಮ್ಮೆ ಕಂದುಬಣ್ಣದ ಚರ್ಟ್ (ಸಿಲಿಕಾದ ನುಣುಪು ಗಟ್ಟಿಕಲ್ಲು) ಎಲ್ಲವೂ ಇರುತ್ತವೆ. ಇದರಲ್ಲಿ ಹಳ್ಳದ ನೀರು ತಂದದ್ದು ಯಾವುದು, ಟ್ರ್ಯಾಕ್ಟರ್ ತಂದದ್ದು ಯಾವುದು, ಲಕ್ಷಾಂತರ ವರ್ಷಗಳ ಹಿಂದೆ ಯಾರೋ ಕೈಯಲ್ಲಿ ಹಿಡಿದು ತಂದದ್ದು ಯಾವುದು ಎಂದು ಬೇರ್ಪಡಿಸುವುದೇ ನಮ್ಮ ಕೆಲಸ. ಕಲ್ಲನ್ನು ಯಂತ್ರಕ್ಕೆ ಕೊಟ್ಟರೆ ಊರಿನ ಹೆಸರು ಹೊರಬರುತ್ತದೆ ಎಂದುಕೊಂಡವರು ಬಹಳ ಮಂದಿ. ಯಂತ್ರದ ಸರದಿ ಬರುವುದು ಕೊನೆಗೆ. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರ ಕಾಲು ಮತ್ತು ಕಣ್ಣಿಗೇ ಸಿಕ್ಕಿರುತ್ತದೆ, ಇಲ್ಲವೇ ಎಂದೂ ಸಿಗದಂತೆ ಕೆಟ್ಟಿರುತ್ತದೆ.

ಕೃಷ್ಣಾ ಮತ್ತು ಭೀಮಾ ನಡುವಿನ ಸುರಪುರ ದೋಆಬಿನಲ್ಲಿ ಹುಣಸಗಿ, ಬೈಚಬಾಳ ಎಂಬ ಎರಡು ತಗ್ಗು ಕಣಿವೆಗಳು ಅಕ್ಕಪಕ್ಕದಲ್ಲಿವೆ. ಎರಡೂ ಸೇರಿ ಸುಮಾರು 500 ಚದರ ಕಿಲೋಮೀಟರ್. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ದಶಕಗಳ ಕಾಲ ಇಲ್ಲಿ ಅಡ್ಡಾಡಿ ನೂರಕ್ಕೂ ಹೆಚ್ಚು ಅಶೂಲಿಯನ್ ನೆಲೆಗಳನ್ನು (ಕೈಗೊಡಲಿ, ಅಂದರೆ ಎರಡೂ ಬದಿ ಚಕ್ಕೆ ಎಬ್ಬಿಸಿ ಮಾಡಿದ, ಕೈಯಲ್ಲಿ ಹಿಡಿಯುವ ಕಲ್ಲಾಯುಧ ಬಳಸಿದ ಹಳೆ ಶಿಲಾಯುಗದ ಜಾಗಗಳನ್ನು) ದಾಖಲಿಸಿದ್ದಾರೆ. 1990ರ ದಶಕದ ಕೊನೆಯಲ್ಲಿ ಅಗೆದ ಇಸಾಂಪುರ ಅವುಗಳಲ್ಲಿ ಹೆಸರಾದದ್ದು. ಅದು ಕಲ್ಲು ಎಬ್ಬಿಸಿ ಅಲ್ಲೇ ಆಯುಧ ಮಾಡಿದ ಜಾಗ. ಪ್ರಾಣಿಗಳ ಹಲ್ಲಿನ ಎನಾಮೆಲ್ ಮೇಲೆ ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ವಿಧಾನದಿಂದ ಲೆಕ್ಕ ಹಾಕಿದಾಗ ಬಂದ ಕಾಲ ಸುಮಾರು 12.7 ಲಕ್ಷ ವರ್ಷ. ಆ ಸಂಖ್ಯೆಯ ಬಗ್ಗೆ ಚರ್ಚೆ ಇದೆ; ಅಲ್ಲಿ ಕಲ್ಲಿನ ಕೆಲಸ ನಡೆದದ್ದರ ಬಗ್ಗೆ ಇಲ್ಲ.

ಈ ಕಣಿವೆ ಮೂಲ ಹುಡುಕುವವರಿಗೆ ಅನುಕೂಲವಾಗಿರುವುದು ಭೂರಚನೆಯಿಂದ. ತಳದಲ್ಲಿ ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆಶಿಲೆ. ಅಂಚಿನ ದಿನ್ನೆಗಳಲ್ಲಿ ಭೀಮಾ ಸಮೂಹ ಎಂದು ಕರೆಯುವ ಹಳೆಯ ಪದರಶಿಲೆಗಳಾದ ಜೇಡುಶಿಲೆ, ಸುಣ್ಣಕಲ್ಲು. ಅದರ ಮೇಲೆ ಕೆಲವೆಡೆ ಡೆಕ್ಕನ್ ಲಾವಾದ ಬಸಾಲ್ಟ್ ಹೊದಿಕೆ. ಇನ್ನೊಂದು ಮಗ್ಗುಲಲ್ಲಿ ಧಾರವಾಡ ಶಿಸ್ಟ್, ಅದರೊಳಗೆ ಬೆಣಚಿನ ನಾಳಗಳು, ಗ್ರಾನೈಟನ್ನು ಸೀಳಿಕೊಂಡು ಹೋದ ಡಾಲರೈಟ್ ಡೈಕುಗಳು (ಬಿರುಕಿನಲ್ಲಿ ಗೋಡೆಯಂತೆ ಗಟ್ಟಿಯಾದ ಶಿಲೆ). ಹೀಗೆ ಒಂದೊಂದು ಶಿಲೆಗೆ ಒಂದೊಂದು ದಿಕ್ಕು ಇದೆ. ಗ್ರಾನೈಟ್ ತಳದ ನಡುವೆ ಸುಣ್ಣಕಲ್ಲಿನ ಕೈಗೊಡಲಿ ಸಿಕ್ಕಿತೆಂದರೆ ಅದು ಎಲ್ಲಿಂದಲೋ ಬಂದಿರಲೇಬೇಕು. ಹೇಗೆ ಬಂತು ಎಂಬುದು ಬೇರೆ ಪ್ರಶ್ನೆ.

ಮೊದಲು ಒಂದು ಒಣ ವಿಷಯ. ಆಯುಧ ಎತ್ತಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಬಂಡೆಯ ಮಾದರಿ ಒಡೆಯಲು ಹೊಲದವರ ಒಪ್ಪಿಗೆ ಬೇಕು. ಅನುಮತಿ ಇದ್ದಾಗಲೂ ಮೇಲ್ಮೈಯ ಆಯುಧಗಳನ್ನು ಬಹುಪಾಲು ಬಿದ್ದಲ್ಲೇ ಅಳೆದು, ಫೋಟೊ ತೆಗೆದು ಬಿಡುತ್ತೇವೆ. ಚೀಲಕ್ಕೆ ಹೋಗುವುದು ಹೆಚ್ಚಾಗಿ ಬಂಡೆಯ ತುಣುಕು.

ಕಲ್ಲನ್ನು ವಿಂಗಡಿಸಲು ಕೂತಾಗ ಹೊಸಬರ ಕಣ್ಣು ನೇರ ಬಣ್ಣಕ್ಕೆ ಹೋಗುತ್ತದೆ. ಬಣ್ಣದಷ್ಟು ಮೋಸ ಮಾಡುವುದು ಇನ್ನೊಂದಿಲ್ಲ. ಒಂದೇ ಚರ್ಟ್ ಗಡ್ಡೆ ಒಳಗೆ ಬೂದು, ಕಬ್ಬಿಣದ ನೀರು ಇಳಿದಲ್ಲಿ ಕಂದು, ಬಿಸಿಲು ಮಳೆಗೆ ಸಿಕ್ಕ ಮೈಯಲ್ಲಿ ಬಿಳಿ. ಬಣ್ಣದ ಮೇಲೆ ವಿಂಗಡಿಸಿದರೆ ಒಂದು ಗಡ್ಡೆ ಮೂರು ಮೂಲಗಳಾಗಿ ಪಟ್ಟಿಗೆ ಸೇರುತ್ತದೆ. ಅದಕ್ಕೆ ಕಲ್ಲನ್ನು ನೀರಲ್ಲಿ ಒದ್ದೆ ಮಾಡಿ 10 ಪಟ್ಟು ದೊಡ್ಡದಾಗಿಸುವ ಮಸೂರದಲ್ಲಿ ಕಣಗಳ ಗಾತ್ರ, ಪದರದ ಗೆರೆ, ಒಳಗೆ ಸಿಕ್ಕಿಕೊಂಡ ಚೂರು ನೋಡುತ್ತೇವೆ. ತೆಳು ಅಂಚನ್ನು ಬೆಳಕಿಗೆ ಹಿಡಿದು ಎಷ್ಟು ಮಿಲಿಮೀಟರ್ ದಪ್ಪದವರೆಗೆ ಬೆಳಕು ದಾಟುತ್ತದೆ ಎಂದೂ ಬರೆದುಕೊಳ್ಳುತ್ತೇವೆ. ಬೆಳಕು ಅರೆಬರೆ ದಾಟುವ ಚಾಲ್ಸೆಡೊನಿ ಎಂಬ ಸಿಲಿಕಾ ಕಲ್ಲನ್ನು ಚರ್ಟಿನಿಂದ ಬೇರೆ ಮಾಡಲು ಅದು ಸಾಕು. ನೇಗಿಲು ತಗಲಿ ಇತ್ತೀಚೆಗೆ ಚಕ್ಕೆ ಎದ್ದ ಜಾಗ ಇದ್ದರೆ ಅದು ಒಳಗನ್ನು ತೋರಿಸುವ ಪುಕ್ಕಟೆ ಕಿಟಕಿ. ಡಾಲರೈಟಿನಲ್ಲಿ ಫೆಲ್ಡ್‌ಸ್ಪಾರ್ ಕಡ್ಡಿಗಳು ಮಸೂರಕ್ಕೆ ಕಾಣುತ್ತವೆ. ಬಸಾಲ್ಟ್ ನುಣುಪು, ಅದರಲ್ಲಿ ಗುಳ್ಳೆಗಳಿದ್ದು ಅವು ಬಿಳಿ ಖನಿಜದಿಂದ ತುಂಬಿರಬಹುದು. ಎರಡನ್ನೂ 'ಕರಿಕಲ್ಲು' ಎಂದು ಒಂದೇ ಸಾಲಿಗೆ ಬರೆದ ಹಳೆಯ ಪಟ್ಟಿಗಳು ಸಿಕ್ಕರೆ ಮತ್ತೆ ಪೂರ್ತಿ ನೋಡಬೇಕಾಗುತ್ತದೆ, ಏಕೆಂದರೆ ಒಂದರ ಮೂಲ ದಿನ್ನೆಯ ಮೇಲೆ, ಇನ್ನೊಂದರದು ಕಣಿವೆಯ ತಳದಲ್ಲಿ.

ಇಸಾಂಪುರದ ಕಲ್ಲು ಸಾಮಾನ್ಯ ಸುಣ್ಣಕಲ್ಲಲ್ಲ, ಸಿಲಿಕಾ ಸೇರಿ ಗಟ್ಟಿಯಾದದ್ದು. ಮನೆಗಳಿಗೆ ಹಾಸುವ ಶಹಾಬಾದಿ ಫರಸಿ ಇದೇ ಭೀಮಾ ಸಮೂಹದ್ದು. ಆದರೆ ಫರಸಿಯನ್ನು ಚಾಕುವಿನಿಂದ ಗೀರಬಹುದು, ಹೊಡೆದರೆ ಪದರದ ಉದ್ದಕ್ಕೆ ಎದ್ದು ಬರುತ್ತದೆ. ಸಿಲಿಕಾ ಸೇರಿದ ಭಾಗದ ಮೇಲೆ ಚಾಕು ಜಾರುತ್ತದೆ, ಸುತ್ತಿಗೆ ತಾಕಿದರೆ ಕಂಚಿನ ದನಿ ಬರುತ್ತದೆ, ಚಕ್ಕೆ ಚಿಪ್ಪಿನಾಕಾರದಲ್ಲಿ ಏಳುತ್ತದೆ. 10 ಪ್ರತಿಶತ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಗೆ ಫರಸಿ ಬುಸ್ಸೆಂದು ನೊರೆಯೇಳುತ್ತದೆ. ಗಟ್ಟಿ ಕಲ್ಲಿನ ಮೇಲೆ ಗೆರೆಗೆರೆಯಾಗಿ ಮಾತ್ರ, ಅಥವಾ ಪುಡಿ ಕೆರೆದ ಮೇಲಷ್ಟೇ. ಈ ಹನಿ ಪರೀಕ್ಷೆ ಬಂಡೆಯ ಮಾದರಿಗೆ ಮೀಸಲು. ಆಯುಧದ ಮೇಲೆ ಆಮ್ಲ ಬಿದ್ದರೆ ಏಣುಗಳು ಸವೆಯುತ್ತವೆ, ಬಳಕೆಯ ಗುರುತು ಅಳಿಯುತ್ತದೆ. ಮೇಲೆ ಹತ್ತಿದ ಸುಣ್ಣದ ಕಂಕರ ತೆಗೆಯಲೆಂದು ಆಯುಧಗಳನ್ನು ಆಮ್ಲದಲ್ಲಿ ಅದ್ದಿದ ಸಂಗ್ರಹಗಳಿವೆ. ಸುಣ್ಣಕಲ್ಲಿನ ಆಯುಧವಾದರೆ ಕಂಕರದ ಜೊತೆ ಆಯುಧವೂ ಕರಗುತ್ತದೆ.

ಈಗ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಾಕ್ಷಿಗೆ ಬರೋಣ. ಆಯುಧ ಮಾಡಿದವರು ಕಲ್ಲಿನ ಹೊರಸಿಪ್ಪೆಯನ್ನು ಎಲ್ಲೋ ಒಂದು ಕಡೆ ಉಳಿಸಿರುತ್ತಾರೆ. ಬುಡದಲ್ಲಿ, ಒಂದು ಮುಖದ ನಡುವೆ, ಇಲ್ಲ ಚಕ್ಕೆಯ ಬೆನ್ನಿನ ಮೇಲೆ. ಕಲ್ಲು ಎಲ್ಲಿ ಹುಟ್ಟಿತು ಎಂಬುದನ್ನು ಶಿಲೆಯ ಒಳಗು ಹೇಳುತ್ತದೆ, ಅದನ್ನು ಎಲ್ಲಿಂದ ಎತ್ತಿಕೊಂಡರು ಎಂಬುದನ್ನು ಸಿಪ್ಪೆ ಹೇಳುತ್ತದೆ. ಎರಡೂ ಒಂದೇ ಜಾಗ ಆಗಿರಬೇಕಿಲ್ಲ. ಪದರದ ಮುಖವಾದರೆ ಸಿಪ್ಪೆ ಚಪ್ಪಟೆ, ಮರಳುಮರಳಾಗಿ ಸವೆದ ತೆಳು ಚರ್ಮ. ಬಿರುಕಿನ ಮುಖವಾದರೆ ಪದರಕ್ಕೆ ಲಂಬ, ಮೇಲೆ ಕಬ್ಬಿಣ ಮ್ಯಾಂಗನೀಸಿನ ಕಲೆ ಅಥವಾ ಕ್ಯಾಲ್ಸೈಟಿನ ಪೊರೆ. ಹಳ್ಳದ ಗುಂಡುಕಲ್ಲಾದರೆ ಬಾಗಿದ ಮೈ, ಒಂದಕ್ಕೊಂದು ಬಡಿದು ಮೂಡಿದ ಅರೆಚಂದ್ರಾಕಾರದ ಸಣ್ಣ ಗಾಯಗಳು. ಚರ್ಟ್ ಗಡ್ಡೆಯನ್ನು ಸುಣ್ಣಕಲ್ಲಿನಿಂದ ಆಗತಾನೆ ಕಿತ್ತಿದ್ದರೆ ಬಿಳಿ, ಸೀಮೆಸುಣ್ಣದಂಥ ತೊಗಟೆ. ನದಿ ಹೊತ್ತು ತಂದಿದ್ದರೆ ಆ ತೊಗಟೆ ಉಜ್ಜಿ ಹೋಗಿ ನುಣುಪು. ಪ್ರತಿ ತುಣುಕಿಗೆ ಸಿಪ್ಪೆಯ ಬಗೆ, ಎಷ್ಟು ಭಾಗ (25 ಪ್ರತಿಶತದ ಮೆಟ್ಟಿಲುಗಳಲ್ಲಿ), ಎಲ್ಲಿ ಎಂದು ಮೂರು ಕಲಂ ತುಂಬುತ್ತೇವೆ. ಸಿಪ್ಪೆ ಇಲ್ಲದಿದ್ದರೆ 'ಇಲ್ಲ' ಎಂದು ಬರೆಯಬೇಕು, ಖಾಲಿ ಬಿಡಬಾರದು. ಖಾಲಿ ಕಲಂ ಎಂದರೆ ನೋಡಿಲ್ಲವೋ ಇಲ್ಲವೋ ಎಂದು ಆರು ತಿಂಗಳ ಮೇಲೆ ಯಾರಿಗೂ ಗೊತ್ತಾಗದು.

ಚಪ್ಪಡಿಯಿಂದ ನೇರವಾಗಿ ಮಾಡಿದ ಕೈಗೊಡಲಿಯನ್ನು ಹತ್ತಿರದಿಂದ ನೋಡಿ. ಅಂಚಿನ ಸುತ್ತ ಚಕ್ಕೆ ಎಬ್ಬಿಸಿದ್ದಾರೆ, ನಡುವೆ ಅಂಗೈಯಗಲದ ಜಾಗ ಮುಟ್ಟಿಯೇ ಇಲ್ಲ. ಅಲ್ಲಿ ಪದರದ ಮೇಲ್ಮುಖ ಹಾಗೇ ಉಳಿದಿದೆ. ತಿರುಗಿಸಿದರೆ ಹಿಂಬದಿಯಲ್ಲೂ ಅಷ್ಟೇ. ಎರಡು ಮುಖಗಳೂ ಸಮಾಂತರ. ಕ್ಯಾಲಿಪರ್ ಇಟ್ಟು ಅವುಗಳ ನಡುವಿನ ದಪ್ಪ ಅಳೆದರೆ ಸಿಗುವುದು ಆಯುಧದ ದಪ್ಪ ಮಾತ್ರವಲ್ಲ, ಅದು ಬಂದ ಪದರದ ದಪ್ಪ. ಸುಣ್ಣಕಲ್ಲಿನ ಹೊರಹೊಮ್ಮಿಕೆಗಳಲ್ಲಿ ಒಂದೊಂದು ಪದರದ ದಪ್ಪ ಅಳೆದು ಪಟ್ಟಿ ಮಾಡಿದ್ದರೆ, ಯಾವ ಅಂಚಿನಲ್ಲಿ ಈ ದಪ್ಪದ ಪದರವೇ ಇಲ್ಲವೋ ಅದನ್ನು ಪಟ್ಟಿಯಿಂದ ಹೊಡೆದು ಹಾಕಬಹುದು. ಖರ್ಚು ಒಂದು ಕ್ಯಾಲಿಪರಿನದು. ಮೇಲ್ಮೈ ಕರಗಿ ಒಂದೆರಡು ಮಿಲಿಮೀಟರ್ ಹೋಗಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಎರಡೂ ಮುಖ ಉಳಿದ ತುಣುಕುಗಳನ್ನಷ್ಟೇ ತೆಗೆದುಕೊಳ್ಳಬೇಕು, ಒಂದು ಮುಖ ಇದ್ದು ಇನ್ನೊಂದನ್ನು ಊಹಿಸಿದರೆ ಕೆಲಸ ಕೆಟ್ಟಿತು.

ಸುಣ್ಣಕಲ್ಲಿನ ಆಯುಧದ ಅಂಚು ಮೊಂಡಾಗಿದ್ದರೆ 'ಹಳ್ಳದಲ್ಲಿ ಉರುಳಿದೆ' ಎಂದು ಬರೆಯುವುದು ಸಾಮಾನ್ಯ. ಹೆಚ್ಚಿನ ಸಲ ಅದು ಉರುಳಿದ್ದಲ್ಲ, ಮಳೆನೀರಿಗೆ ಕರಗಿದ್ದು. ಉರುಳಿದ ಕಲ್ಲಿನಲ್ಲಿ ಎತ್ತರದ ಏಣುಗಳು ಸವೆದಿರುತ್ತವೆ, ತಗ್ಗುಗಳು ತಾಜಾ ಇರುತ್ತವೆ. ಕರಗಿದ ಕಲ್ಲಿನಲ್ಲಿ ಏಣು ತಗ್ಗು ಎರಡೂ ಒಂದೇ ಸಮ ಇಳಿದಿರುತ್ತವೆ. ಈ ವ್ಯತ್ಯಾಸ ಸಣ್ಣದಲ್ಲ. ಉರುಳಿದ್ದೆಂದು ಒಪ್ಪಿದರೆ ಆಯುಧವನ್ನು ನೀರು ತಂದಿತು, ಮನುಷ್ಯ ತಂದ ದೂರ ಶೂನ್ಯ. ಕರಗಿದ್ದೆಂದರೆ ಅದು ಬಿದ್ದಲ್ಲೇ ಇದೆ, ದೂರ ಪೂರ್ತಿ ಮನುಷ್ಯನದು.

ನಕ್ಷೆಯ ಕೆಲಸಕ್ಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಜಾಲತಾಣದಲ್ಲಿ 1:50,000 ಅಳತೆಯ ಶಿಲಾನಕ್ಷೆ ಸಿಗುತ್ತದೆ. ಅದರಲ್ಲಿ ಶಹಾಬಾದ್ ಸುಣ್ಣಕಲ್ಲು ಎಂದು ಒಂದೇ ಬಣ್ಣ ಬಳಿದಿರುತ್ತದೆ. ಆ ಬಣ್ಣದೊಳಗೆ ಆಯುಧಕ್ಕೆ ಬರುವ ಕಲ್ಲು ಎಷ್ಟು, ಬಾರದ್ದು ಎಷ್ಟು ಎಂದು ನಕ್ಷೆ ಹೇಳದು. ನಾವು ಮೊದಲು ಗ್ರಾನೈಟ್ ಮತ್ತು ಭೀಮಾ ಶಿಲೆ ಕೂಡುವ ಗೆರೆಯನ್ನು ಗುರುತು ಮಾಡಿ ಅದರ ಗುಂಟ ನಡೆಯುತ್ತೇವೆ, ಆಮೇಲೆ ಅದಕ್ಕೆ ಅಡ್ಡಲಾಗಿ ಹಳ್ಳಗಳ ಒಳಗೆ. ಪ್ರತಿ ಹೊರಹೊಮ್ಮಿಕೆಯಲ್ಲಿ ಪದರದ ದಪ್ಪ, ಬಿರುಕುಗಳ ನಡುವಿನ ಅಂತರ ಮತ್ತು ದಿಕ್ಕು, ಪದರಗಳ ನಡುವೆ ಜೇಡಿನ ತೆಳು ಹಾಸು ಇದೆಯೇ, ಕೋಲಿನಿಂದ ಮೀಟಿ ಎಬ್ಬಿಸಲು ಆಗುವಂತಿದೆಯೇ ಎಂದು ನೋಡುತ್ತೇವೆ. ಬಿರುಕುಗಳು ಹತ್ತಿರ ಹತ್ತಿರ ಇದ್ದರೆ ಬಂಡೆ ತಾನಾಗಿಯೇ ಚೌಕ ಚಪ್ಪಡಿಗಳಾಗಿ ಬಿಟ್ಟುಕೊಳ್ಳುತ್ತದೆ, ಒಡೆಯುವ ಶ್ರಮವೇ ಇಲ್ಲ. ಇಸಾಂಪುರದ ಅನುಕೂಲ ಇದೇ. ತೆಳು ಚಪ್ಪಡಿಗೆ ಅಂಚು ಬಡಿದರೆ ಕೈಗೊಡಲಿ; ದಪ್ಪದ್ದರಿಂದ ದೊಡ್ಡ ಚಕ್ಕೆ ಎಬ್ಬಿಸಿದರೆ ಕ್ಲೀವರ್ ಎಂಬ ಅಗಲ ಬಾಯಿಯ ಕಡಿಗಲ್ಲು. ಕಲ್ಲಿನ ಗುಣವನ್ನು 1 ಕಿಲೋ ಸುತ್ತಿಗೆಯಿಂದ ಬಡಿದು ದನಿ ಮತ್ತು ಒಡೆಯುವ ರೀತಿ ನೋಡಿ ನಾಲ್ಕು ದರ್ಜೆಗಳಲ್ಲಿ ಬರೆಯುತ್ತೇವೆ. ಒಂದೇ ಕೈ ಎಲ್ಲ ಕಡೆ ಬಡಿಯಬೇಕು. ಇಬ್ಬರು ಬೇರೆ ಬೇರೆ ದಿಬ್ಬಗಳಿಗೆ ದರ್ಜೆ ಕೊಟ್ಟರೆ ಹೋಲಿಕೆಗೆ ಬರುವುದಿಲ್ಲ.

ಇಂದು ಕಾಣುವ ಬಂಡೆಯೇ ಅಂದೂ ಕಾಣುತ್ತಿತ್ತು ಎಂದುಕೊಳ್ಳುವುದು ಈ ಹಂತದ ದೊಡ್ಡ ಗುಂಡಿ. ಇಸಾಂಪುರದ ಹಾಸು ಬಹುಕಾಲ ಹೂಳಿನಡಿ ಮುಚ್ಚಿತ್ತು, ನೀರಾವರಿ ಕಾಮಗಾರಿಗೆ ಮಣ್ಣು ತೆಗೆದಾಗ ಬಯಲಾಯಿತು. ಅಂಥವು ಇನ್ನೂ ಎರೆಮಣ್ಣಿನ ಕೆಳಗಿರುವುದು ಖಂಡಿತ. ಅದಕ್ಕೇ ಬಾವಿಯ ಗೋಡೆ, ಕಾಲುವೆಯ ಕತ್ತರಿ, ಹೊಸದಾಗಿ ತೋಡಿದ ಕೃಷಿ ಹೊಂಡ ಒಂದನ್ನೂ ಬಿಡದೆ ಇಣುಕುತ್ತೇವೆ. ಇದಕ್ಕೆ ಉಲ್ಟಾ ತೊಂದರೆಯೂ ಉಂಟು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳ ಬದಿಗೆ ಕಟ್ಟಿದ ಕಲ್ಲು, ರಸ್ತೆಗೆ ಹಾಕಿದ ಜಲ್ಲಿ ಎಲ್ಲೆಲ್ಲಿಂದಲೋ ಬಂದವು. ಕ್ರಷರ್ ಬಾಯಿಂದ ಬಿದ್ದ ಚೂರು ಎಷ್ಟೋ ಸಲ ಒಳ್ಳೆಯ ಚಕ್ಕೆಯಂತೆಯೇ ಕಾಣುತ್ತದೆ. ಉಕ್ಕು ತಗಲಿದ ಬಿಂದುವಿನಲ್ಲಿ ಕಲ್ಲು ಪುಡಿಯಾಗಿರುವುದು, ನೇಗಿಲು ಎಳೆದಲ್ಲಿ ತುಕ್ಕಿನ ಗೆರೆ, ಎಲ್ಲ ಮುಖಗಳೂ ಒಂದೇ ಸಮ ತಾಜಾ ಇರುವುದು ಇಂಥವನ್ನು ಬಯಲು ಮಾಡುತ್ತವೆ. ರಸ್ತೆಯಿಂದ ಇಪ್ಪತ್ತು ಮೂವತ್ತು ಹೆಜ್ಜೆಯೊಳಗೆ ಸಿಕ್ಕ 'ಅಪರೂಪದ ಶಿಲೆ'ಯನ್ನು ನಾವು ಪಟ್ಟಿಗೇ ಸೇರಿಸುವುದಿಲ್ಲ.

ಹಳ್ಳದ ಗುಂಡುಕಲ್ಲು ಎರಡನೇ ದರ್ಜೆಯ ಮೂಲ, ಆದರೆ ಬಹಳ ಕಡೆ ಮನುಷ್ಯ ಕೈಹಾಕಿದ್ದು ಅದಕ್ಕೇ. ದಾರಕ್ಕೆ 50 ಸೆಂಟಿಮೀಟರಿಗೊಂದು ಗಂಟು ಹಾಕಿ ಹಾಸಿನ ಮೇಲೆ ಎಳೆದು, ಪ್ರತಿ ಗಂಟಿನಡಿ ಬಿದ್ದ ಕಲ್ಲನ್ನು ಎತ್ತಿ ಶಿಲೆಯ ಜಾತಿ, ಉದ್ದ, ದುಂಡಗಿನ ಮಟ್ಟ ಬರೆಯುತ್ತೇವೆ. ಒಂದು ಜಾಗಕ್ಕೆ 100 ಕಲ್ಲು. ಕೈಯಿಂದ ಆರಿಸಿದರೆ ಚಂದದ ಕಲ್ಲುಗಳೇ ಬರುತ್ತವೆ, ಲೆಕ್ಕ ಓರೆಯಾಗುತ್ತದೆ. ಕೊನೆಗೆ ಆ ಜಾಗದ ಹತ್ತು ದೊಡ್ಡ ಕಲ್ಲುಗಳನ್ನು ಬೇರೆಯೇ ಅಳೆಯಬೇಕು. ಚರ್ಟ್ ಹಳ್ಳದಲ್ಲಿ ಎಷ್ಟೇ ಇರಲಿ, ಎಲ್ಲವೂ ಐದು ಸೆಂಟಿಮೀಟರ್ ಒಳಗಿದ್ದರೆ ಅದರಿಂದ ಕೈಗೊಡಲಿ ಆಗದು. ಈ ದೋಆಬಿನಲ್ಲಿ ಮಧ್ಯ ಹಳೆ ಶಿಲಾಯುಗದ ಹೊತ್ತಿಗೆ ಚರ್ಟಿನ ಬಳಕೆ ಏರಿದ್ದಕ್ಕೆ ಆಯುಧ ಚಿಕ್ಕದಾದದ್ದೂ ಒಂದು ಕಾರಣವಿರಬೇಕು ಎಂಬುದು ನಮ್ಮ ಅಂದಾಜು: ಗಾತ್ರ ಇಳಿದ ಮೇಲೆ ಮೊದಲು ಉಪಯೋಗಕ್ಕೆ ಬಾರದಿದ್ದ ಕಲ್ಲೂ ಬಂತು.

ಕೃಷ್ಣೆಯ ದಂಡೆಯ ಅಗೇಟ್, ಚಾಲ್ಸೆಡೊನಿ, ಜಾಸ್ಪರ್ ಹರಳುಗಳು ಇದೇ ಕಾರಣಕ್ಕೆ ತಲೆನೋವು. ಅವು ಹುಟ್ಟಿದ್ದು ಡೆಕ್ಕನ್ ಲಾವಾದ ಗುಳ್ಳೆಗಳಲ್ಲಿ. ನದಿ ಅವನ್ನು ಗ್ರಾನೈಟ್ ಸೀಮೆಯೊಳಗೆ ಬಹುದೂರ ಒಯ್ದು ಹಾಕಿದೆ. ಗ್ರಾನೈಟ್ ಊರಿನಲ್ಲಿ ಸಿಕ್ಕ ಚಾಲ್ಸೆಡೊನಿಯ ಸೂಕ್ಷ್ಮ ಶಿಲಾಯುಧವನ್ನು ಹಿಡಿದು ಲಾವಾ ಪ್ರದೇಶದವರೆಗೆ ನಕ್ಷೆಯಲ್ಲಿ ಬಾಣ ಎಳೆದು, 'ದೂರದ ಸಂಪರ್ಕ' ಎಂದು ಬರೆದರೆ ನದಿಯ ಕೆಲಸವನ್ನು ಮನುಷ್ಯನ ಖಾತೆಗೆ ಹಾಕಿದಂತೆ. ಅಲ್ಲಿ ಮೊದಲು ಕೇಳಬೇಕಾದ್ದು ಹತ್ತಿರದ ದಂಡೆಯ ಹಾಸಿನಲ್ಲಿ ಈ ಹರಳು ಎಷ್ಟು ದೊಡ್ಡದು ಸಿಗುತ್ತದೆ ಎಂದು.

ಮಾದರಿ ಸಂಗ್ರಹದಲ್ಲಿ ಜಿಪುಣತನ ಕೂಡದು. ಒಂದು ಹೊರಹೊಮ್ಮಿಕೆಯಿಂದ ಒಂದು ತುಣುಕು ತಂದರೆ ಏನೂ ತಂದಂತಾಗಲಿಲ್ಲ. ಪದರದ ಅಡಿಯಿಂದ ತುದಿಯವರೆಗೆ, ಹಾಗೂ ಪದರದ ಉದ್ದಕ್ಕೆ ಅಲ್ಲಲ್ಲಿ, ಕನಿಷ್ಠ 10ರಿಂದ 15 ತುಣುಕು ಬೇಕು. ಒಂದೊಂದು 300ರಿಂದ 500 ಗ್ರಾಂ, ಹೊರಗಿನ ಸವೆದ ಚರ್ಮ ತೆಗೆದದ್ದು. ಇದರ ಜೊತೆ ಚರ್ಮ ಇರುವ ಒಂದೆರಡನ್ನೂ ತರಬೇಕು, ಸಿಪ್ಪೆ ಹೋಲಿಸಲು. ಜಿಪಿಎಸ್ ಅಂಕಿಯನ್ನು ಡಬ್ಲ್ಯೂಜಿಎಸ್ 84 ಎಂಬ ಅಕ್ಷಾಂಶ-ರೇಖಾಂಶ ಪದ್ಧತಿಯಲ್ಲಿ ಬರೆದು, ಪದರದಲ್ಲಿ ತುಣುಕು ಎಷ್ಟು ಎತ್ತರದ್ದು ಎಂದು ಟೇಪ್ ಹಿಡಿದು ಸೇರಿಸುತ್ತೇವೆ. ಏಕೆಂದರೆ ಜಿಪಿಎಸ್ ತಪ್ಪು ಮೂರರಿಂದ ಐದು ಮೀಟರ್, ಇಡೀ ಪದರವೇ ಅಷ್ಟಿರುವುದಿಲ್ಲ. ಚೀಲದ ಮೇಲಿನ ಮಾರ್ಕರ್ ಬರಹ ಬಿಸಿಲಿಗೆ ಒಂದು ಬೇಸಿಗೆಯಲ್ಲಿ ಹಾರಿಹೋಗುತ್ತದೆ. ಪೆನ್ಸಿಲಿನಲ್ಲಿ ಬರೆದ ಚೀಟಿ ಸಣ್ಣ ಪ್ಲಾಸ್ಟಿಕ್ ಲಕೋಟೆಯೊಳಗೆ, ಅದು ಚೀಲದೊಳಗೆ. ಕಲ್ಲುಗಳನ್ನು ಒಂದೇ ಗೋಣಿಯಲ್ಲಿ ತುಂಬಿ ಜೀಪಿನ ಹಿಂದೆ ಎಸೆದರೆ ದಾರಿಯುದ್ದಕ್ಕೂ ಅವು ಒಂದಕ್ಕೊಂದು ತೇಯ್ದು ಪುಡಿ ಹತ್ತಿಸಿಕೊಳ್ಳುತ್ತವೆ, ಅಂಚಿಗೆ ಹೊಸ ಚಕ್ಕೆಗಳೂ ಏಳುತ್ತವೆ.

ಪ್ರಯೋಗಾಲಯದಲ್ಲಿ ಮೊದಲು ತೆಳುಛೇದ. ಗರಗಸದಿಂದ ಕುಯ್ದು, ಗಾಜಿಗೆ ಅಂಟಿಸಿ, 0.03 ಮಿಲಿಮೀಟರ್ ದಪ್ಪಕ್ಕೆ ತೇಯ್ದು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಇಡುವುದು. ದಪ್ಪ ಸರಿಯಿದ್ದರೆ ಕ್ವಾರ್ಟ್ಜ್ ಬೂದು ಬಿಳುಪು; ಹಳದಿ ತಿರುಗಿದ್ದರೆ ಇನ್ನೂ ತೇಯಬೇಕು. ಅಲಿಜರಿನ್ ರೆಡ್ ಬಣ್ಣ ಹಾಕಿದರೆ ಕ್ಯಾಲ್ಸೈಟ್ ಕೆಂಪಾಗುತ್ತದೆ, ಡಾಲೊಮೈಟ್ ಆಗುವುದಿಲ್ಲ. ಛೇದದ ಮೇಲಿನ 300ರಿಂದ 500 ಬಿಂದುಗಳಲ್ಲಿ ಯಾವ ಖನಿಜ ಇದೆ ಎಂದು ಎಣಿಸಿದರೆ ಸಿಲಿಕಾ ಎಷ್ಟು ಪಾಲು, ಸುಣ್ಣ ಎಷ್ಟು ಪಾಲು ಎಂದು ತಿಳಿಯುತ್ತದೆ. ಇದಕ್ಕೆ ಕಲ್ಲು ಕುಯ್ಯಲೇಬೇಕಾದ್ದರಿಂದ ಆಯುಧ ಕೊಡುವುದಿಲ್ಲ. ಅದೇ ಪದರದಿಂದ ಬಂದ ತ್ಯಾಜ್ಯ ಚಕ್ಕೆ, ಅದೂ ತೂಕ, ಫೋಟೊ ಮುಗಿದ ಮೇಲೆ.

ಯುರೋಪಿನಲ್ಲಿ ಫ್ಲಿಂಟಿನ ಮೂಲವನ್ನು ಅದರೊಳಗಿನ ಸ್ಪಂಜು ಮುಳ್ಳು, ಸೂಕ್ಷ್ಮ ಜೀವಿಗಳ ಪಳೆಯುಳಿಕೆ ನೋಡಿ ಗುರುತಿಸುವುದು ರೂಢಿ. ಆ ಪಾಠವನ್ನು ಭೀಮಾ ಸಮೂಹದ ಚರ್ಟಿಗೆ ಹಾಗೇ ತಂದರೆ ಕೈ ಖಾಲಿ, ಏಕೆಂದರೆ ಇದು ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೂ ಮೊದಲಿನ ಪ್ರೊಟೆರೊಜೊಯಿಕ್ ಶಿಲೆ. ಆದರೆ ಇದೇ ಕೊರತೆ ಒಂದು ಕಡೆ ಉಪಯೋಗಕ್ಕೆ ಬರುತ್ತದೆ. ಡೆಕ್ಕನ್ ಲಾವಾ ಹಾಸುಗಳ ನಡುವೆ ಅಂದಿನ ಕೆರೆಗಳ ಕೆಸರು ಗಟ್ಟಿಯಾಗಿ ಆದ ಚರ್ಟಿನಲ್ಲಿ ಸಿಹಿನೀರಿನ ಬಸವನಹುಳುವಿನ ಚಿಪ್ಪು, ಸಸ್ಯದ ಚೂರು ಸಿಗುತ್ತವೆ. ಗುರುಮಠಕಲ್ ಕಡೆ ಇಂಥ ಪದರಗಳಿವೆ. ಒಂದು ಚಕ್ಕೆಯಲ್ಲಿ ಚಿಪ್ಪಿನ ಸುರುಳಿ ಕಂಡಿತೋ, ಅದು ಭೀಮಾ ಸುಣ್ಣಕಲ್ಲಿನದಲ್ಲ ಎಂದು ಅಲ್ಲೇ ಬರೆಯಬಹುದು. ಚಿಪ್ಪು ಕಾಣದಿದ್ದರೆ ಮಾತ್ರ ಏನೂ ಹೇಳಿದಂತಾಗಲಿಲ್ಲ.

ರಾಸಾಯನಿಕ ವಿಶ್ಲೇಷಣೆಯ ಇಡೀ ಕಟ್ಟಡ ನಿಂತಿರುವುದು ಒಂದು ಷರತ್ತಿನ ಮೇಲೆ: ಒಂದು ಮೂಲದ ಒಳಗಿನ ವ್ಯತ್ಯಾಸಕ್ಕಿಂತ ಎರಡು ಮೂಲಗಳ ನಡುವಿನ ವ್ಯತ್ಯಾಸ ದೊಡ್ಡದಿರಬೇಕು. ಅಬ್ಸಿಡಿಯನ್ ಎಂಬ ಜ್ವಾಲಾಮುಖಿ ಗಾಜಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಒಂದು ಲಾವಾ ಹರಿವು ಬಹುತೇಕ ಒಂದೇ ಸಮ ಇರುತ್ತದೆ. ಅದಕ್ಕೇ 1964ರಲ್ಲಿ ಕ್ಯಾನ್ ಮತ್ತು ರೆನ್‌ಫ್ರೂ ಮೆಡಿಟರೇನಿಯನ್ ಸುತ್ತಲಿನ ಅಬ್ಸಿಡಿಯನ್ ಮೂಲಗಳನ್ನು ಅತ್ಯಲ್ಪ ಪ್ರಮಾಣದಲ್ಲಿರುವ ವಿರಳ ಧಾತುಗಳಿಂದ ಬೇರ್ಪಡಿಸಲು ಸಾಧ್ಯವಾಯಿತು. ಬೋಟ್ಸ್ವಾನಾದ ತ್ಸೊಡಿಲೊ ಬೆಟ್ಟಗಳಲ್ಲಿ ಸಿಲಿಕಾದಿಂದ ಗಟ್ಟಿಯಾದ ಸಿಲ್‌ಕ್ರೀಟ್ ಕಲ್ಲು 220 ಕಿಲೋಮೀಟರಿನಾಚೆಯಿಂದ ಬಂದದ್ದನ್ನು ತೋರಿಸಿದ್ದೂ ವಿರಳ ಧಾತುಗಳೇ. ನಮ್ಮ ಸಿಲಿಕಾ ಸೇರಿದ ಸುಣ್ಣಕಲ್ಲು ಅಷ್ಟು ಒಳ್ಳೆಯದಲ್ಲ. ಸಿಲಿಕಾ ಇದರಲ್ಲಿ ಎಸಳು ಎಸಳಾಗಿ ಸೇರಿದೆ. ಒಂದೇ ಚಪ್ಪಡಿಯ ಎರಡು ಮೂಲೆಗೆ ಯಂತ್ರ ಇಟ್ಟರೆ ಸಿಲಿಕಾನ್, ಕ್ಯಾಲ್ಸಿಯಂ ಅಂಕಿಗಳು ಎರಡು ಬೇರೆ ಊರಿನವೆಂಬಂತೆ ಬರುತ್ತವೆ. ಹೀಗಾಗಿ ಪ್ರಧಾನ ಧಾತುಗಳನ್ನು ಬದಿಗಿಟ್ಟು, ಜೇಡಿನ ಅಂಶದ ಜೊತೆ ಬರುವ ಟೈಟಾನಿಯಂ, ಜಿರ್ಕೋನಿಯಂ, ರುಬಿಡಿಯಂಗಳ ಪರಸ್ಪರ ಅನುಪಾತ ನೋಡುತ್ತೇವೆ. ಡಾಲರೈಟ್ ಡೈಕುಗಳಲ್ಲಿ ಇದೇ ಯಂತ್ರ ಇನ್ನೂ ಚುರುಕು.

ಎಕ್ಸ್-ರೇ ಹಾಯಿಸಿ ಧಾತುಗಳನ್ನು ಅಳೆಯುವ, ಕೈಯಲ್ಲಿ ಹಿಡಿಯುವ ಎಕ್ಸ್-ರೇ ಫ್ಲೋರೆಸೆನ್ಸ್ ಯಂತ್ರ ಆಯುಧಕ್ಕೆ ಗಾಯ ಮಾಡದು, ಅದೇ ಅದರ ಆಕರ್ಷಣೆ. ಅದು ನೋಡುವುದು ಮೇಲ್ಮೈಯನ್ನು ಮಾತ್ರ, ಅದೇ ಅದರ ದೋಷ. ಕಂಕರದ ತೆಳು ಪೊರೆ ಇದ್ದರೆ ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ ಏರುತ್ತವೆ. ಕಪ್ಪು ಕಲೆ ಇದ್ದರೆ ಮ್ಯಾಂಗನೀಸ್, ಕಬ್ಬಿಣ, ಬೇರಿಯಂ. ಹಳೆಯ ಸಂಗ್ರಹಗಳಲ್ಲಿ ನೋಂದಣಿ ಸಂಖ್ಯೆ ಬರೆಯಲು ಬಳಿದ ಬಿಳಿ ಬಣ್ಣ ಎಷ್ಟೋ ಸಲ ಟೈಟಾನಿಯಂ ಡೈಆಕ್ಸೈಡ್. ಕಿರಣ ಅದರ ಅಂಚಿಗೆ ತಾಗಿದರೂ ಸಾಕು, ಟೈಟಾನಿಯಂ ಆಕಾಶಕ್ಕೇರುತ್ತದೆ. ಉಬ್ಬುತಗ್ಗು ಇಲ್ಲದ, 8 ಮಿಲಿಮೀಟರಿಗಿಂತ ಅಗಲದ ಜಾಗ ಹುಡುಕಿ, ಒಂದು ಆಯುಧಕ್ಕೆ ಮೂರರಿಂದ ಐದು ಕಡೆ, ಪ್ರತಿ ಕಡೆ ಒಂದೆರಡು ನಿಮಿಷ ಅಳೆಯುತ್ತೇವೆ. ಸೂಕ್ಷ್ಮ ಶಿಲಾಯುಧಗಳು ಒಂದೆರಡು ಮಿಲಿಮೀಟರ್ ದಪ್ಪ ಇದ್ದರೆ ಭಾರ ಧಾತುಗಳ ಕಿರಣ ಆಚೆಗೇ ದಾಟಿಹೋಗಿ ಅಂಕಿ ಕಡಿಮೆ ಬರುತ್ತದೆ. ಅವನ್ನು ಈ ಯಂತ್ರಕ್ಕೆ ಕೊಡದಿರುವುದೇ ಲೇಸು. ದಿನದ ಆರಂಭ, ನಡುವೆ, ಕೊನೆಗೆ ಗೊತ್ತಿರುವ ಮಾನಕ ಶಿಲೆಯನ್ನು ಇಟ್ಟು ಯಂತ್ರ ಜಾರಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಬಂಡೆಯ ಮಾದರಿಯನ್ನು ಪುಡಿ ಮಾಡಿ ಧಾತುಗಳನ್ನು ಹೆಚ್ಚು ನಿಖರವಾಗಿ ಅಳೆಯುವ ಐಸಿಪಿ-ಎಂಎಸ್‌ಗೆ ಕಳಿಸುವಾಗ ಅಗೇಟ್ ಒರಳು ಬಳಸಬೇಕು. ಟಂಗ್‌ಸ್ಟನ್ ಕಾರ್ಬೈಡ್ ಒರಳು ಟಂಗ್‌ಸ್ಟನ್ನನ್ನೂ ಕೋಬಾಲ್ಟನ್ನೂ ಪುಡಿಗೆ ಬೆರೆಸುತ್ತದೆ.

ಅಂಕಿಗಳನ್ನು ಗುಂಪು ಮಾಡುವಲ್ಲಿ ಕಂಪ್ಯೂಟರ್ ತೀರಾ ವಿಧೇಯ. ಡಿಸ್ಕ್ರಿಮಿನೆಂಟ್ ವಿಶ್ಲೇಷಣೆ ಎಂಬ ಗುಂಪು ವಿಂಗಡಿಸುವ ಲೆಕ್ಕಕ್ಕೆ ನಾಲ್ಕು ಮೂಲ ಕೊಟ್ಟರೆ ಪ್ರತಿ ಆಯುಧವನ್ನೂ ಆ ನಾಲ್ಕರಲ್ಲಿ ಒಂದಕ್ಕೆ ಹಾಕಿಯೇ ಹಾಕುತ್ತದೆ, ಐದನೆಯದು ಮಣ್ಣಿನಡಿ ಇದ್ದರೂ. ಹಾಗಾಗಿ ಆಯುಧ ಆ ಗುಂಪಿನ ನಡುವಿನಿಂದ ಎಷ್ಟು ದೂರ, ಅದು ಯಾವ ಗುಂಪಿಗೂ ಸೇರದಿರುವ ಸಾಧ್ಯತೆ ಎಷ್ಟು ಎಂದು ಬೇರೆಯೇ ಲೆಕ್ಕ ಹಾಕಬೇಕು. ಗುಂಪಿನ ಮಾದರಿಗಳ ಸಂಖ್ಯೆ ಬಳಸಿದ ಧಾತುಗಳ ಸಂಖ್ಯೆಗಿಂತ ಹೆಚ್ಚಿಲ್ಲದಿದ್ದರೆ ಆ ಲೆಕ್ಕವೂ ನಿಲ್ಲದು. ನಮ್ಮ ವರದಿಗಳಲ್ಲಿ 'ಈ ಮೂಲದ್ದು' ಎಂಬ ಕಲಂ ಇಲ್ಲ. 'ಹೊಂದುತ್ತದೆ', 'ಹೊಂದುವುದಿಲ್ಲ', 'ಹೇಳಲಾಗದು' ಎಂದು ಮೂರು ಇವೆ. ನಂಬಿಕೆಗೆ ಹೆಚ್ಚು ಅರ್ಹವಾದದ್ದು ನಡುವಿನದು. ಹೊಂದುವುದಕ್ಕೆ ಇನ್ನೂ ನೋಡದ ಬಂಡೆ ನಾಳೆ ಪೈಪೋಟಿಗೆ ಬರಬಹುದು. ಹೊಂದದ್ದು ನಾಳೆಯೂ ಹೊಂದದು.

ಸಾಗಣೆಯ ದೂರವನ್ನು ಕಲ್ಲಿನ ಜಾತಿಯಿಂದಷ್ಟೇ ಅಳೆಯಲಾಗದು, ಇಡೀ ತ್ಯಾಜ್ಯ ನೋಡಬೇಕು. ಎಬ್ಬಿಸಿದಲ್ಲೇ ಕೆಲಸ ಮಾಡಿದ್ದರೆ ಸಿಪ್ಪೆ ತುಂಬಿದ ದೊಡ್ಡ ಚಕ್ಕೆ, ಅರ್ಧಕ್ಕೆ ಮುರಿದ ಆಯುಧ, ಚಕ್ಕೆ ಎಬ್ಬಿಸಿ ಬಿಟ್ಟುಹೋದ ತಿರುಳುಗಲ್ಲು ಅಲ್ಲೇ ಬಿದ್ದಿರುತ್ತವೆ. ಇಸಾಂಪುರ ಹಾಗಿದೆ. ದೂರದ ನೆಲೆಯಲ್ಲಿ ಮುಗಿದ ಆಯುಧ ಮತ್ತು ಅಂಚು ತೀಡಿದ ಸಣ್ಣ ತೆಳು ಚಕ್ಕೆ ಮಾತ್ರ ಸಿಕ್ಕರೆ ಒರಟು ಕೆಲಸ ಬೇರೆಡೆ ಮುಗಿಸಿ ತಂದಿದ್ದಾರೆ ಎಂದರ್ಥ. ಸಣ್ಣ ಚಕ್ಕೆಗಳೇ ಇಲ್ಲ ಎನ್ನುವ ಮುನ್ನ ಮಣ್ಣನ್ನು 5 ಮಿಲಿಮೀಟರ್ ಜರಡಿಯಲ್ಲಾದರೂ ಜಾಲಾಡಿದ್ದಾರೆಯೇ ಎಂದು ಕೇಳಬೇಕು. ಜರಡಿ ಹಿಡಿಯದ ಸಂಗ್ರಹದಲ್ಲಿ ಅವು ಇರುವುದೇ ಇಲ್ಲ. ಬಡಿಗಲ್ಲುಗಳನ್ನು ಮರೆಯುವವರೂ ಇದ್ದಾರೆ. ಇಸಾಂಪುರದಲ್ಲಿ ಚಪ್ಪಡಿ ಕಾಲಡಿಯಲ್ಲೇ ಇತ್ತು, ಬಡಿಯಲು ಮಾತ್ರ ಬಸಾಲ್ಟ್, ಚರ್ಟ್, ಕ್ವಾರ್ಟ್ಜೈಟ್ ಗುಂಡುಗಳೂ ಬಳಕೆಯಾಗಿವೆ. ಆಯುಧದ ಕಲ್ಲಿಗೆ ನಡೆಯಬೇಕಿಲ್ಲದ ಜಾಗದಲ್ಲೂ ಸುತ್ತಿಗೆಗಾಗಿ ಕಲ್ಲು ಆರಿಸಿ ತರುವ ಕೆಲಸ ಇತ್ತೆಂದಾಯಿತು. ಗುಂಡಿನ ಮೈಯೆಲ್ಲ ಸಿಪ್ಪೆಯೇ ಆದ್ದರಿಂದ ಯಾವ ಹಳ್ಳದ ಹಾಸಿನಿಂದ ಎತ್ತಿದ್ದು ಎಂದು ಕೇಳಲು ಅದಕ್ಕಿಂತ ಒಳ್ಳೆಯ ವಸ್ತು ಇಲ್ಲ.

ಕಲ್ಲು ಹೇಗೆ ಒಡೆಯುತ್ತದೆ ಎಂದು ನೋಡಲು ನಾವೂ ಅದೇ ಪದರದ ಚಪ್ಪಡಿ ಒಡೆಯುತ್ತೇವೆ. ಕನ್ನಡಕ, ಚರ್ಮದ ಕೈಗವಸು, ಮೂಗಿಗೆ ಮುಸುಕು ಕಡ್ಡಾಯ, ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಏಳುವುದಿಲ್ಲ. ಒಡೆಯುವುದು ಟಾರ್ಪಾಲಿನ್ ಮೇಲೆ, ಬಯಲಲ್ಲಿ ಎಂದೂ ಅಲ್ಲ. ಒಂದು ಕೈಗೊಡಲಿಗೆ ನೂರಾರು ಚಕ್ಕೆ ಚೂರು ಉದುರುತ್ತವೆ. ಅವನ್ನು ಹೊಲದಲ್ಲಿ ಬಿಟ್ಟು ಬಂದರೆ ನಾಲ್ಕು ಮಳೆಗಾಲ ಕಳೆದ ಮೇಲೆ ಬರುವ ತಂಡಕ್ಕೆ ಅದೊಂದು ಹೊಸ ನೆಲೆ. ಉಳಿದದ್ದನ್ನು ಗುಡಿಸಿ, ತೂಗಿ, ತಾರೀಕು ಬರೆದು ಮಾದರಿಗಳ ಜೊತೆ ಪೆಟ್ಟಿಗೆಗೆ ಹಾಕುತ್ತೇವೆ. ಜಾಗ ಸಾಲದೆ ಹೂಳಲೇಬೇಕಾಗಿ ಬಂದರೆ ಗುಂಡಿಯ ತಳಕ್ಕೆ ಆ ವರ್ಷದ ಒಂದು ನಾಣ್ಯ ಮತ್ತು ಒಡೆದ ಗಾಜಿನ ಬಾಟಲಿ ಹಾಕಿ ಮುಚ್ಚುತ್ತೇವೆ, ಮುಂದೆ ಅಗೆದವರಿಗೆ ಇದು ಈಗಿನದೆಂದು ತಿಳಿಯಲಿ ಎಂದು. ಪೆಟ್ಟಿಗೆಯಲ್ಲಿ ಉಳಿದ ಬಂಡೆಯ ತುಣುಕು, ತೆಳುಛೇದದ ಗಾಜು, ಪುಡಿಯ ಡಬ್ಬಿ ಮೂರಕ್ಕೂ ಒಂದೇ ಸಂಖ್ಯೆ ಇರಬೇಕು. ಆಗ ಮುಂದಿನವರು ಬೇರೆ ಯಂತ್ರ ತಂದಾಗ ಮತ್ತೆ ಗುಡ್ಡಕ್ಕೆ ಹೋಗಿ ಬಂಡೆ ಒಡೆಯಬೇಕಿಲ್ಲ.